ಪಿಷ್ಟದ ಬಿಗಿ ಸಡಿಲಿಸುವ ಕಿಣ್ವ

ಗ್ಲೂಕನ್ ವಾಟರ್ ಡೈಕೈನೇಸ್ ಸಸ್ಯಗಳಲ್ಲಿರುವ ಒಂದು ಕಿಣ್ವ. ಪಿಷ್ಟದ ಕಣಕ್ಕೆ ಅಲ್ಲೊಂದು ಇಲ್ಲೊಂದು ಫಾಸ್ಫೇಟ್ ಗುಂಪನ್ನು ಅಂಟಿಸುವುದು ಅದರ ಕೆಲಸ. ಕೇಳಲು ಸಣ್ಣ ಕೆಲಸ. ಆದರೆ ಈ ಫಾಸ್ಫೇಟ್ ಅಂಟದಿದ್ದರೆ ಹಗಲು ಕೂಡಿಟ್ಟ ಪಿಷ್ಟವನ್ನು ಎಲೆ ರಾತ್ರಿ ಒಡೆದುಕೊಳ್ಳಲಾರದು. ಆಲೂಗಡ್ಡೆಯ ಗಂಜಿಗೆ ಅದರ ದಪ್ಪವೂ ತಿಳಿಯೂ ಬರುವುದಿಲ್ಲ. ಕೋಲ್ಡ್ ಸ್ಟೋರೇಜಿನಲ್ಲಿ ತಿಂಗಳುಗಟ್ಟಲೆ ಇದ್ದು ಬಂದ ಆಲೂಗಡ್ಡೆ ಸಿಹಿಯಾಗುವುದೂ ಬಹುಮಟ್ಟಿಗೆ ತಪ್ಪುತ್ತದೆ. ಸಂಶೋಧಕರು ಈ ಕಿಣ್ವವನ್ನು ಚುಟುಕಾಗಿ ಜಿಡಬ್ಲ್ಯುಡಿ ಎಂದು ಕರೆಯುತ್ತಾರೆ.

ಕೋಲ್ಡ್ ಸ್ಟೋರೇಜಿನ ಆ ಸಿಹಿ ಚೆನ್ನೈನವರಿಗೆ ಪುಸ್ತಕದ ಹಂಗಿಲ್ಲದೆ ಗೊತ್ತು. ಆ ನಗರದ ಆಸುಪಾಸಿನ ಬಿಸಿ ಬಯಲಿನಲ್ಲಿ ಆಲೂಗಡ್ಡೆ ಬೆಳೆಯುವುದಿಲ್ಲ. ಗೆಡ್ಡೆ ಕಟ್ಟಲು ತಂಪು ರಾತ್ರಿ ಬೇಕು. ಹಾಗಾಗಿ ನೀಲಗಿರಿಯಿಂದ, ಕೋಲಾರ ಹಾಸನಗಳಿಂದ, ದೂರದ ಆಗ್ರಾ ಕಡೆಯಿಂದ ಲಾರಿಗಳಲ್ಲಿ ಬರುವುದೇ ಚೆನ್ನೈನ ಆಲೂಗಡ್ಡೆ. ಹಿಂದೆ ಜಾರ್ಜ್ ಟೌನಿನ ಕೊತ್ತವಾಲ್ ಚಾವಡಿಯಲ್ಲಿ ಇಳಿಯುತ್ತಿದ್ದ ಮೂಟೆಗಳು 1996ರಿಂದ ಕೋಯಂಬೇಡು ಸಗಟು ಮಾರುಕಟ್ಟೆಯಲ್ಲಿ ಇಳಿಯುತ್ತಿವೆ. ಅಂಗಡಿಗಳಲ್ಲಿ ಊಟಿ ಗೆಡ್ಡೆ ಬೇರೆ, ಆಗ್ರಾ ಗೆಡ್ಡೆ ಬೇರೆ ಎಂದು ಇಟ್ಟು ಮಾರುತ್ತಾರೆ. ಊಟಿಯದು ಮಣ್ಣಿನಿಂದ ಕಿತ್ತು ಹೆಚ್ಚು ದಿನವಾಗದೆ ಬಂದಿರುತ್ತದೆ. ಆಗ್ರಾದ್ದು ಜನವರಿಯಿಂದ ಮಾರ್ಚ್ ನಡುವೆ ಕಿತ್ತು, ಬೇಸಿಗೆ ಮಳೆಗಾಲಗಳನ್ನು 2ರಿಂದ 4 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಕಳೆದು ಬಂದದ್ದಿರಬಹುದು. ಮಸಾಲೆ ದೋಸೆಯ ಪಲ್ಯಕ್ಕೆ ಈ ಎರಡನೆಯದನ್ನು ಬೇಯಿಸಿದರೆ ಒಂದು ಬಗೆಯ ಪೆಚ್ಚು ಸಿಹಿ. ಹಸಿಮೆಣಸು, ಶುಂಠಿ ಜಾಸ್ತಿ ಹಾಕಿದರೆ ಆ ಸಿಹಿ ಮರೆಯಾದೀತು. ಚಿಪ್ಸ್ ಕರಿಯುವವರಿಗೆ ಆ ಅನುಕೂಲವಿಲ್ಲ. ಬಿಲ್ಲೆಗಳು ಬಾಣಲೆಯಲ್ಲಿ ಹೊಂಬಣ್ಣಕ್ಕೆ ಬರುವ ಬದಲು ಕಂದಾಗಿ, ಅಂಚು ಕರಕಲಾಗಿ, ಕಹಿಯಾಗಿ ಏಳುತ್ತವೆ.

ಸಿಹಿಯಾಗುವುದು ಎಂದರೆ ಪಿಷ್ಟ ಒಡೆದು ಸಕ್ಕರೆಯಾಗುವುದು. ಅದನ್ನು ತಿಳಿಯಲು ಮೊದಲು ಪಿಷ್ಟದ ಕಟ್ಟಡ ನೋಡಬೇಕು.

ಪಿಷ್ಟವೆಂದರೆ ಗ್ಲೂಕೋಸ್ ಅಣುಗಳ ಸರಪಳಿ. ಹೆಚ್ಚುಕಡಿಮೆ ನೇರ ಸರಪಳಿಯಾದರೆ ಅಮೈಲೋಸ್, ಕವಲೊಡೆದಿದ್ದರೆ ಅಮೈಲೋಪೆಕ್ಟಿನ್. ಸಾಮಾನ್ಯವಾಗಿ ಮುಕ್ಕಾಲು ಪಾಲು ಅಥವಾ ಅದಕ್ಕೂ ಹೆಚ್ಚು ಅಮೈಲೋಪೆಕ್ಟಿನ್ನೇ. ಅದರ ಕವಲುಗಳು ಇಬ್ಬಿಬ್ಬರಾಗಿ ಹೆಣೆದುಕೊಂಡು ಜೋಡಿ ಸುರುಳಿಗಳಾಗುತ್ತವೆ. ಸುರುಳಿಗಳು ಪಕ್ಕಪಕ್ಕದಲ್ಲಿ ಒತ್ತಾಗಿ ನಿಂತು ಹರಳಿನಂಥ ಪದರಗಳಾಗುತ್ತವೆ. ಪದರದ ಮೇಲೆ ಪದರ ಬೆಳೆದು ಕಣವಾಗುತ್ತದೆ. ಅಕ್ಕಿಯ ಕಣ ಕೆಲವೇ ಮೈಕ್ರೋಮೀಟರ್ ಅಗಲದ್ದು. ಆಲೂಗಡ್ಡೆಯ ದೊಡ್ಡ ಕಣಗಳು 100 ಮೈಕ್ರೋಮೀಟರ್ ಮುಟ್ಟುತ್ತವೆ. ಆಲೂಗಡ್ಡೆ ಹೆಚ್ಚಿ ನೀರಿನಲ್ಲಿ ಹಾಕಿಟ್ಟ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಗಸಿ ಇದೇ. ಅದನ್ನು ಒಣಗಿಸಿ ಬೆರಳುಗಳ ನಡುವೆ ಉಜ್ಜಿದರೆ ಕಿರುಗುಟ್ಟುತ್ತದೆ.

ಇಷ್ಟು ಒತ್ತಾಗಿ ಜೋಡಿಸಿದ ಕಣ ತಣ್ಣೀರಿನಲ್ಲಿ ಕರಗುವುದಿಲ್ಲ. ಗಿಡದ ಮಟ್ಟಿಗೆ ಇದು ದೊಡ್ಡ ಅನುಕೂಲ, ಏಕೆಂದರೆ ಅಷ್ಟೇ ಸಕ್ಕರೆಯನ್ನು ಕರಗಿಸಿಟ್ಟರೆ ಜೀವಕೋಶ ನೀರು ಹೀರಿ ಉಬ್ಬಬೇಕಾಗುತ್ತದೆ. ತೊಂದರೆ ಬರುವುದು ತೆಗೆಯುವಾಗ. ಪಿಷ್ಟವನ್ನು ಕಡಿಯುವ ಕಿಣ್ವಗಳು ನೀರಿನಲ್ಲಿ ಓಡಾಡುವಂಥವು. ಹರಳುಗಟ್ಟಿದ ಸುರುಳಿಗಳ ಸಂದಿಗೆ ಅವುಗಳಿಗೆ ಪ್ರವೇಶವಿಲ್ಲ. ಮನುಷ್ಯ ಈ ತೊಡಕನ್ನು ಬೆಂಕಿಯಿಂದ ಬಗೆಹರಿಸಿಕೊಂಡ. ಅಕ್ಕಿ ಬೇಯಿಸುವುದೆಂದರೆ ಸುರುಳಿ ಬಿಚ್ಚಿಸಿ ನೀರು ಹೊಗಿಸುವುದೇ. ಒಲೆಯಿಲ್ಲದ ಗಿಡ ಅದನ್ನು ಫಾಸ್ಫೇಟಿನಿಂದ ಸಾಧಿಸುತ್ತದೆ.

ಆಲೂಗಡ್ಡೆಯ ಪಿಷ್ಟದಲ್ಲಿ ರಂಜಕವಿದೆ ಎಂಬುದು ಹೊಸ ವಿಷಯವಲ್ಲ. 1904ರಲ್ಲೇ ಫ್ರಾನ್ಸಿನ ಆಗಸ್ಟ್ ಫರ್ನ್‌ಬಾಖ್ ಅದನ್ನು ಬರೆದಿದ್ದರು. ಎಷ್ಟು ತೊಳೆದರೂ ಹೋಗದ ಆ ರಂಜಕವನ್ನು ಕಲ್ಮಶವೆಂದು ಎಣಿಸುವುದು ಆಗ ಸಹಜವಾಗಿತ್ತು. 1930ರ ದಶಕದಲ್ಲಿ ಥಿಯೊಡೋರ್ ಪೋಸ್ಟರ್ನಾಕ್ ಅದು ಗ್ಲೂಕೋಸಿಗೇ ರಾಸಾಯನಿಕವಾಗಿ ಕೂಡಿಕೊಂಡಿದೆ ಎಂದು ತೋರಿಸಿದರು. 1970ರ ದಶಕದ ಆರಂಭದಲ್ಲಿ ಜಪಾನಿನ ಹಿಜುಕುರಿ ಮತ್ತು ಸಂಗಡಿಗರು ಅದರ ಜಾಗವನ್ನೂ ಗುರುತಿಸಿದರು: ಗ್ಲೂಕೋಸಿನ 6 ಇಂಗಾಲಗಳಲ್ಲಿ ಹೆಚ್ಚಿನ ಪಾಲು ಫಾಸ್ಫೇಟ್ 6ನೆಯದರ ಮೇಲೆ, ಉಳಿದದ್ದು ಬಹುತೇಕ 3ನೆಯದರ ಮೇಲೆ.

ಪ್ರಮಾಣ ಬಹಳ ಕಡಿಮೆ. ಆಲೂಗಡ್ಡೆಯಲ್ಲಿ ಸುಮಾರು 200ರಿಂದ 300 ಗ್ಲೂಕೋಸಿಗೆ ಒಂದು ಫಾಸ್ಫೇಟ್. ಪ್ರಯೋಗಾಲಯದ ಮುದ್ದಿನ ಗಿಡವಾದ ಅರಬಿಡಾಪ್ಸಿಸ್‌ನ ಎಲೆಯಲ್ಲಿ ಸುಮಾರು 2000ಕ್ಕೆ ಒಂದು. ಅಕ್ಕಿ, ಗೋಧಿ, ಜೋಳಗಳ ಕಾಳಿನ ಪಿಷ್ಟದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಮರಗೆಣಸಿನಲ್ಲಿ ಆಲೂಗಡ್ಡೆಗಿಂತ ಬಹಳ ಕಡಿಮೆ. ನಮ್ಮ ಕಚೋರದ ಗೆಡ್ಡೆಯ ಪಿಷ್ಟ ಮಾತ್ರ ಈ ವಿಷಯದಲ್ಲಿ ಆಲೂಗಡ್ಡೆಯ ಸಾಲಿನದು, ಅದನ್ನೂ ಮೀರಿಸುವಂಥದ್ದು. ಅರಿಶಿನದ ಬಳಗದ ಈ ಗೆಡ್ಡೆ ಮನೆಮದ್ದಿನ ಲೆಕ್ಕಕ್ಕೆ ಸಿಕ್ಕಷ್ಟು ಪಿಷ್ಟದ ಲೆಕ್ಕಕ್ಕೆ ಸಿಕ್ಕಿಲ್ಲ ಎಂಬುದು ವಿಷಾದದ ಮಾತು.

ಕಡಿಮೆಯಾದರೂ ಪರಿಣಾಮ ಕಣ್ಣಿಗೆ ಕಾಣುತ್ತದೆ. ಫಾಸ್ಫೇಟಿನಲ್ಲಿ ಋಣ ವಿದ್ಯುದಂಶವಿದೆ. ಮೆಥಿಲೀನ್ ಬ್ಲೂ ಬಣ್ಣದ ಅಣು ಧನ ಅಂಶದ್ದು. ಆ ಬಣ್ಣದ ತೆಳು ದ್ರಾವಣಕ್ಕೆ ಆಲೂಗಡ್ಡೆ ಪಿಷ್ಟ ಹಾಕಿ ತೊಳೆದರೆ ಕಣಗಳು ನೀಲಿಯಾಗಿ ಉಳಿಯುತ್ತವೆ, ಜೋಳದ ಪಿಷ್ಟ ಬಹುತೇಕ ಬೆಳ್ಳಗೇ ಇರುತ್ತದೆ. ಗಂಜಿ ಕಾಯಿಸಿದಾಗ ಇನ್ನೊಂದು ವ್ಯತ್ಯಾಸ. ಬಿಸಿಗೆ ಸುರುಳಿಗಳು ಬಿಚ್ಚಿಕೊಂಡ ಮೇಲೆ ಋಣ ಅಂಶಗಳು ಪರಸ್ಪರ ದೂರ ತಳ್ಳಿಕೊಳ್ಳುತ್ತವೆ. ನಡುವೆ ನೀರು ನುಗ್ಗಿ ಕಣ ತನ್ನ ಗಾತ್ರದ ಎಷ್ಟೋ ಪಾಲು ಉಬ್ಬುತ್ತದೆ. ಆದ್ದರಿಂದಲೇ ಆಲೂಗಡ್ಡೆ ಪಿಷ್ಟದ ಗಂಜಿ ದಪ್ಪ, ತಿಳಿ, ಹೊಳಪಿನದು. ಜೋಳದ ಹಿಟ್ಟಿನದು ಮಬ್ಬು. ಬೇಯಿಸಿದ ಆಲೂಗಡ್ಡೆಯನ್ನು ಕೈಯಲ್ಲಿ ಹಿಸುಕುವ ಬದಲು ಮಿಕ್ಸಿಗೆ ಹಾಕಿದರೆ ಗೋಂದಿನಂತಾಗುವುದಕ್ಕೂ ಇದೇ ಕಾರಣ. ಕೋಶಗಳ ಗೋಡೆ ಹರಿದು, ಒಳಗೆ ಉಬ್ಬಿ ಕೂತಿದ್ದ ಪಿಷ್ಟವೆಲ್ಲ ಹೊರಬೀಳುತ್ತದೆ. 1938ರಲ್ಲಿ ಕಡಂದಲೆ ಕೃಷ್ಣರಾಯರು ಮದರಾಸಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕಾಲದಿಂದಲೂ ಅಲ್ಲಿನ ಉಡುಪಿ ಹೋಟೆಲುಗಳ ಅಡಿಗೆಯವರು ಪಲ್ಯದ ಗೆಡ್ಡೆಯನ್ನು ಪೂರ್ತಿ ನುಣ್ಣಗೆ ಮಾಡದೆ ಅಲ್ಲಲ್ಲಿ ಹೋಳು ಬಿಡುವುದರ ಹಿಂದೆ ರುಚಿಯ ಜೊತೆಗೆ ಈ ರಸಾಯನವೂ ಇದೆ.

ವಿದ್ಯುದಂಶದ ಮೇಲೆ ನಿಂತ ಗುಣ ವಿದ್ಯುದಂಶದಿಂದಲೇ ಕೆಡುತ್ತದೆ. ಆಲೂಗಡ್ಡೆ ಗಂಜಿಗೆ ಉಪ್ಪು ಬಿದ್ದರೆ ನೀರಾಗುತ್ತದೆ, ಸೋಡಿಯಂ ಅಯಾನುಗಳು ಫಾಸ್ಫೇಟನ್ನು ಮುತ್ತಿ ತಳ್ಳಾಟವನ್ನು ಅಡಗಿಸುತ್ತವೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಇನ್ನೂ ಒಂದು ಕೈ ಮೇಲು. ಒಂದು ಕ್ಯಾಲ್ಸಿಯಂ ಅಯಾನು ಎರಡು ಋಣ ಅಂಶಗಳನ್ನು ಹಿಡಿದಿಡಬಲ್ಲದು. ಚೆನ್ನೈನ ಅನೇಕ ಬಡಾವಣೆಗಳ ಬೋರ್‌ವೆಲ್ ನೀರು ಗಡಸು. ಅದೇ ನೀರಿನಲ್ಲಿ ಕಾಯಿಸಿದ ಆಲೂಗಡ್ಡೆ ಪಿಷ್ಟದ ಗಂಜಿ ಶುದ್ಧೀಕರಿಸಿದ ನೀರಿನದಕ್ಕಿಂತ ತೆಳ್ಳಗಿರುತ್ತದೆ. ಪಿಷ್ಟವನ್ನು ಕಾಗದ, ಬಟ್ಟೆ, ಆಹಾರಗಳಿಗೆ ಬಳಸುವ ಕಾರ್ಖಾನೆಗಳು ನೀರಿನ ಗುಣಕ್ಕೆ ಅಷ್ಟು ತಲೆಕೆಡಿಸಿಕೊಳ್ಳಲು ಇದೂ ಒಂದು ಕಾರಣ.

ತಮಿಳುನಾಡಿನ ಪಿಷ್ಟದ ಊರು ಸೇಲಂ. ಎರಡನೆಯ ಮಹಾಯುದ್ಧದಲ್ಲಿ ಮಲಯದಿಂದ ಸಬ್ಬಕ್ಕಿ ಬರುವುದು ನಿಂತಾಗ ಅಲ್ಲಿ ಮರಗೆಣಸಿನಿಂದ ಸಬ್ಬಕ್ಕಿ ಮಾಡುವ ಉದ್ಯಮ ಕಣ್ಣುಬಿಟ್ಟಿತು. 1981ರಲ್ಲಿ ತಯಾರಕರ ಸಹಕಾರ ಸಂಘ ಸಾಗೋಸರ್ವ್ ಹುಟ್ಟಿತು. ಮರಗೆಣಸಿನ ಪಿಷ್ಟದಲ್ಲಿ ಫಾಸ್ಫೇಟ್ ಕಡಿಮೆ ಇರುವುದರಿಂದ ಅದರ ಗಂಜಿ ಆಲೂಗಡ್ಡೆಯದರಷ್ಟು ಉಬ್ಬದು. ಕೈಗಾರಿಕೆಗೆ ಆ ಗುಣ ಬೇಕೆಂದಾಗ ಪಿಷ್ಟಕ್ಕೆ ರಾಸಾಯನಿಕಗಳನ್ನು ಬೆರೆಸಿ, ಕಾಯಿಸಿ, ಫಾಸ್ಫೇಟ್ ಅಂಟಿಸುತ್ತಾರೆ. ಹಾಗೆ ಮಾಡಿದ ಪಿಷ್ಟ ಸಾಸ್, ಸೂಪ್, ನೂಡಲ್ಸ್ ಪೊಟ್ಟಣಗಳ ಹಿಂಬದಿಯಲ್ಲಿ 1410 ಎಂಬ ಸಂಖ್ಯೆಯಾಗಿ ಕಾಣಿಸುತ್ತದೆ. ಅದೇ ಬಗೆಯ ಬಂಧವನ್ನು ಆಲೂಗಡ್ಡೆ ಗಿಡ ಮಣ್ಣಿನ ತಂಪಿನಲ್ಲಿ, ಬರಿ ನೀರಿನಲ್ಲಿ, ಒಂದು ಕಿಣ್ವದ ಬಲದಿಂದ ಕಟ್ಟುತ್ತದೆ.

ಆ ಕಿಣ್ವ ಯಾವುದೆಂದು ಗೊತ್ತಾಗಲು 20ನೇ ಶತಮಾನ ಮುಗಿಯುತ್ತ ಬರಬೇಕಾಯಿತು. ಜರ್ಮನಿಯ ಗೋಲ್ಮ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಲೋರ್ಬರ್ತ್, ಕಾಸ್ಮನ್, ವಿಲ್ಮಿಟ್ಸರ್ ಮತ್ತು ಸಂಗಡಿಗರು ಆಲೂಗಡ್ಡೆಯ ಪಿಷ್ಟಕಣಕ್ಕೆ ಅಂಟಿಕೊಂಡಿದ್ದ ಒಂದು ದೊಡ್ಡ ಪ್ರೋಟೀನಿನ ಬೆನ್ನು ಹತ್ತಿದ್ದರು. ಅದು ಏನು ಮಾಡುತ್ತದೆ ಎಂಬುದು ತಿಳಿಯದೆ ಆರ್1 ಎಂದಷ್ಟೇ ಕರೆದಿದ್ದರು. ಆ ಪ್ರೋಟೀನು ಕಡಿಮೆ ತಯಾರಾಗುವಂತೆ ಜೀನನ್ನು ಅಡಗಿಸಿದ ಆಲೂಗಡ್ಡೆ ಗಿಡಗಳನ್ನು ಬೆಳೆಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ಬದಲಾವಣೆಗಳು ಒಟ್ಟಿಗೆ ಕಂಡಿದ್ದವು. ಗೆಡ್ಡೆಯ ಪಿಷ್ಟದಲ್ಲಿ ಫಾಸ್ಫೇಟ್ ತೀರ ಇಳಿದಿತ್ತು. ಎಲೆಗಳಲ್ಲಿ ಪಿಷ್ಟ ಕರಗದೆ ತುಂಬಿಕೊಂಡಿತ್ತು. ಚಳಿಯಲ್ಲಿಟ್ಟ ಗೆಡ್ಡೆಗಳು ಮಾಮೂಲಿನಷ್ಟು ಸಿಹಿಯಾಗಿರಲಿಲ್ಲ. ಒಂದೇ ಪ್ರೋಟೀನನ್ನು ತಗ್ಗಿಸಿದ್ದಕ್ಕೆ ಗಂಜಿಯ ಗುಣ, ಎಲೆಯ ರಾತ್ರಿಯೂಟ, ಶೀತಲಗೃಹದ ಸಿಹಿ ಈ ಮೂರೂ ಬದಲಾದದ್ದು ಪಿಷ್ಟದ ಸಂಶೋಧನೆಯ ದಿಕ್ಕನ್ನೇ ತಿರುಗಿಸಿತು. ಶತಮಾನದಷ್ಟು ಕಾಲ ಗಂಜಿ ತಯಾರಿಸುವವರ ವಿಷಯವಾಗಿದ್ದ ರಂಜಕ, ಗಿಡದ ಜೀವನಕ್ರಮದ ವಿಷಯವಾಯಿತು.

ಅತ್ತ ಅರಬಿಡಾಪ್ಸಿಸ್‌ನಲ್ಲಿ ಬೆಳಗಾದರೂ ಎಲೆಯ ಪಿಷ್ಟ ಖಾಲಿಯಾಗದ ರೂಪಾಂತರಿ ಗಿಡಗಳು 1990ರ ದಶಕದ ಆರಂಭದಿಂದಲೇ ಗೊತ್ತಿದ್ದವು. ಅವುಗಳಲ್ಲಿ ಒಂದರ ದೋಷ ಆರ್1 ಜೀನಿನಲ್ಲೇ ಇದೆ ಎಂದು 2001ರಲ್ಲಿ ಖಚಿತವಾಯಿತು. ಮರುವರ್ಷ ಪಾಟ್ಸ್‌ಡಾಮ್ ವಿಶ್ವವಿದ್ಯಾಲಯದ ಗೆರ್ಹಾರ್ಡ್ ರಿಟ್ಟೆ, ಮಾರ್ಟಿನ್ ಸ್ಟೊಯ್ಪ್ ಮತ್ತು ಸಂಗಡಿಗರು ಶುದ್ಧೀಕರಿಸಿದ ಆರ್1 ತಾನೇ ಪಿಷ್ಟಕ್ಕೆ ಫಾಸ್ಫೇಟ್ ಅಂಟಿಸುವುದನ್ನು ಪ್ರಯೋಗದಲ್ಲಿ ತೋರಿಸಿ, ಅದಕ್ಕೆ ಗ್ಲೂಕನ್ ವಾಟರ್ ಡೈಕೈನೇಸ್ ಎಂಬ ಈಗಿನ ಹೆಸರು ಕೊಟ್ಟರು.

ಆ ಕ್ರಿಯೆಯ ರೀತಿ ಅಪರೂಪದ್ದು. ಜೀವಕೋಶದಲ್ಲಿ ಫಾಸ್ಫೇಟ್ ಹಂಚುವ ಸಾಮಾನ್ಯ ಕಿಣ್ವಗಳಾದ ಕೈನೇಸ್‌ಗಳು ಎಟಿಪಿಯ ಮೂರು ಫಾಸ್ಫೇಟುಗಳಲ್ಲಿ ತುದಿಯದನ್ನು ಕಿತ್ತು ಬೇರೊಂದು ಅಣುವಿಗೆ ಕೊಡುತ್ತವೆ, ಎಡಿಪಿ ಉಳಿಯುತ್ತದೆ. ಡೈಕೈನೇಸ್ ಎರಡನ್ನು ಕೀಳುತ್ತದೆ. ತುದಿಯ ಫಾಸ್ಫೇಟ್ ನೀರಿನ ಪಾಲು, ನಡುವಿನದು ಪಿಷ್ಟದ ಪಾಲು, ಉಳಿಯುವುದು ಎಎಂಪಿ. ನಡುವಿನ ಫಾಸ್ಫೇಟನ್ನು ಕಿಣ್ವ ಮೊದಲು ತನ್ನದೇ ಒಂದು ಹಿಸ್ಟಿಡೀನಿನ ಮೇಲೆ ಇಟ್ಟುಕೊಂಡು ಆಮೇಲೆ ಗ್ಲೂಕೋಸಿನ 6ನೇ ಇಂಗಾಲಕ್ಕೆ ದಾಟಿಸುತ್ತದೆ. ಅಣು ಬಲು ದೊಡ್ಡದು, ಸುಮಾರು 1400 ಅಮೈನೋ ಆಮ್ಲಗಳದ್ದು. ಒಂದು ತುದಿಯಲ್ಲಿ ಪಿಷ್ಟವನ್ನು ಹಿಡಿಯುವ ಭಾಗಗಳು, ನಡುವೆ ಹಿಸ್ಟಿಡೀನ್ ಇರುವ ಭಾಗ, ಇನ್ನೊಂದು ತುದಿಯಲ್ಲಿ ಎಟಿಪಿ ಕೂರುವ ಜಾಗ.

2005ರಲ್ಲಿ ಇದರ ಜೊತೆಗಾರ ಸಿಕ್ಕಿತು: ಫಾಸ್ಫೋಗ್ಲೂಕನ್ ವಾಟರ್ ಡೈಕೈನೇಸ್. ಇದು ಬರಿ ಪಿಷ್ಟವನ್ನು ಮುಟ್ಟುವುದಿಲ್ಲ. ಮೊದಲ ಕಿಣ್ವ ಫಾಸ್ಫೇಟ್ ಅಂಟಿಸಿ ಹೋದ ಪಿಷ್ಟವನ್ನಷ್ಟೇ ಹುಡುಕಿಕೊಂಡು ಬಂದು 3ನೇ ಇಂಗಾಲಕ್ಕೆ ಇನ್ನೊಂದನ್ನು ಸೇರಿಸುತ್ತದೆ. ಹಿಜುಕುರಿ ಕಂಡ ಎರಡು ಜಾಗಗಳಿಗೆ ಎರಡು ಕಿಣ್ವಗಳು ಸಿಕ್ಕಂತಾಯಿತು.

ಬಿಗಿಯಾಗಿ ಹೊಸೆದ ಹಗ್ಗದ ಎಳೆಗಳ ನಡುವೆ ಕಡ್ಡಿ ತೂರಿಸಿದರೆ ಅಲ್ಲಿ ಹುರಿ ಸಡಿಲವಾಗುತ್ತದೆ, ಪಿಷ್ಟದ ಸುರುಳಿಯಲ್ಲಿ ಫಾಸ್ಫೇಟ್ ಮಾಡುವುದೂ ಅದನ್ನೇ. ಕಣದ ಮೇಲ್ಮೈಯ ಸುರುಳಿ ಸಡಿಲವಾಗಿ ನೀರಿಗೆ ತೆರೆದುಕೊಂಡಾಗ ಬೀಟಾ ಅಮೈಲೇಸ್ ಎಂಬ ಕಿಣ್ವ ಸರಪಳಿಯ ತುದಿಯಿಂದ ಎರಡೆರಡು ಗ್ಲೂಕೋಸಿನ ತುಣುಕು, ಅಂದರೆ ಮಾಲ್ಟೋಸ್, ಕತ್ತರಿಸುತ್ತ ಬರುತ್ತದೆ. ಆದರೆ ದಾರಿ ಮಾಡಿಕೊಟ್ಟ ಫಾಸ್ಫೇಟೇ ಬೀಟಾ ಅಮೈಲೇಸಿಗೆ ಅಡ್ಡವೂ ಹೌದು. ಫಾಸ್ಫೇಟ್ ಹೊತ್ತ ಗ್ಲೂಕೋಸ್ ಎದುರಾದರೆ ಅದು ಮುಂದೆ ಹೋಗಲಾರದು. ಆದ್ದರಿಂದ ಫಾಸ್ಫೇಟನ್ನು ಕೀಳುವ ಫಾಸ್ಫಟೇಸ್‌ಗಳೂ ಜೊತೆಯಲ್ಲೇ ಇರಬೇಕು. ಅರಬಿಡಾಪ್ಸಿಸ್‌ನಲ್ಲಿ ಅವುಗಳ ಪೈಕಿ ಮುಖ್ಯವಾದದ್ದು ಸೆಕ್ಸ್4. ಹೀಗೆ ಒಬ್ಬರು ಅಂಟಿಸುವುದು, ಒಬ್ಬರು ಕತ್ತರಿಸುವುದು, ಒಬ್ಬರು ಕೀಳುವುದು ರಾತ್ರಿಯಿಡೀ ನಡೆದು, ಕಣ ಮೇಲಿನಿಂದ ಪದರಪದರವಾಗಿ ಕರಗುತ್ತದೆ. ಅರಬಿಡಾಪ್ಸಿಸ್‌ನ ಎಲೆ ಹಗಲಿನ ಪಿಷ್ಟದ ಹತ್ತಿರ ಹತ್ತಿರ 95 ಶೇಕಡವನ್ನು ಬೆಳಗಾಗುವುದರೊಳಗೆ ಖರ್ಚು ಮಾಡಿರುತ್ತದೆ. ರಾತ್ರಿ ಚಿಕ್ಕದಾದರೆ ವೇಗ ಹೆಚ್ಚು, ದೊಡ್ಡದಾದರೆ ಕಡಿಮೆ. ಆ ಲೆಕ್ಕ ಇಡುವುದು ಜಿಡಬ್ಲ್ಯುಡಿಯೇ ಇರಬಹುದೆಂದು ಹಲವರು ಎಣಿಸಿದ್ದರು. ಕತ್ತಲಲ್ಲಿ ಅದು ಕಣಕ್ಕೆ ಅಂಟಿಕೊಳ್ಳುತ್ತದೆ, ಬೆಳಕಿನಲ್ಲಿ ಬಿಡುತ್ತದೆ ಎಂಬ ಸುಳಿವೂ ಇತ್ತು. 2014ರಲ್ಲಿ ಪ್ರಕಟವಾದ ಅರಬಿಡಾಪ್ಸಿಸ್ ಪ್ರಯೋಗಗಳು ಆ ಊಹೆಗೆ ತಡೆಯೊಡ್ಡಿದವು. ಕಿಣ್ವದ ಪ್ರಮಾಣವನ್ನು ಬಹಳಷ್ಟು ತಗ್ಗಿಸಿದರೂ ರಾತ್ರಿಯ ವೇಗ ಅಷ್ಟಾಗಿ ಬದಲಾಗಲಿಲ್ಲ. ಪಿಷ್ಟ ಕರಗಲು ಜಿಡಬ್ಲ್ಯುಡಿ ಇರಲೇಬೇಕು, ಆದರೆ ವೇಗದ ಹಿಡಿತ ಅದರ ಕೈಯಲ್ಲಿಲ್ಲ. ಅನಿವಾರ್ಯವಾದದ್ದೇ ಯಜಮಾನ ಎಂದು ಭಾವಿಸುವ ಅಭ್ಯಾಸಕ್ಕೆ ಇದು ಒಳ್ಳೆಯ ತಿದ್ದುಪಡಿ.

ಫಾಸ್ಫೇಟ್ ಕೀಳುವ ಕೆಲಸ ಮನುಷ್ಯರ ದೇಹದಲ್ಲೂ ನಡೆಯುತ್ತದೆ ಎಂಬುದು ಈ ಕಥೆಯ ಅನಿರೀಕ್ಷಿತ ಕವಲು. ನಮ್ಮ ಯಕೃತ್ತು, ಸ್ನಾಯು, ಮಿದುಳುಗಳಲ್ಲಿ ಪಿಷ್ಟದ ಬದಲು ಗ್ಲೈಕೋಜನ್ ಇದೆ. ಅದರಲ್ಲೂ ಅಲ್ಪಸ್ವಲ್ಪ ಫಾಸ್ಫೇಟ್ ಸೇರಿಕೊಂಡಿರುತ್ತದೆ. ಅದನ್ನು ತೆಗೆಯುವ ಪ್ರೋಟೀನು ಲಾಫೋರಿನ್. ಈ ಪ್ರೋಟೀನಿನ ಜೀನ್ ಕೆಟ್ಟವರಲ್ಲಿ ಗ್ಲೈಕೋಜನ್ ಸರಿಯಾಗಿ ಕವಲೊಡೆಯದೆ, ನೀರಿನಲ್ಲಿ ಕರಗದೆ, ಪಿಷ್ಟದಂಥ ಗಂಟುಗಳಾಗಿ ನರಕೋಶಗಳಲ್ಲಿ ಕೂರುತ್ತದೆ. ಹದಿಹರೆಯದಲ್ಲಿ ಮೂರ್ಛೆಯಿಂದ ಶುರುವಾಗಿ, ನೆನಪು ನಡಿಗೆಗಳನ್ನು ಕಸಿದು, ಹೆಚ್ಚಾಗಿ ಹತ್ತು ವರ್ಷಗಳೊಳಗೆ ಪ್ರಾಣ ತೆಗೆಯುವ ಈ ರೋಗಕ್ಕೆ, 1911ರಲ್ಲಿ ಆ ಗಂಟುಗಳನ್ನು ವಿವರಿಸಿದ ಸ್ಪೇನಿನ ವೈದ್ಯ ಗೊಂಜಾಲೊ ಲಾಫೋರಾ ಅವರ ಹೆಸರಿದೆ. ತಂದೆತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ ತಲೆದೋರುವುದರಿಂದ ರಕ್ತಸಂಬಂಧದ ಮದುವೆಗಳಿರುವ ಕಡೆ ಇದರ ಅಪಾಯ ಹೆಚ್ಚು. ಸೋದರಮಾವನ ಮನೆಗೆ ಹೆಣ್ಣು ಕೊಡುವ ರೂಢಿಯಿರುವ ದಕ್ಷಿಣ ಭಾರತದಲ್ಲೂ ಪ್ರಕರಣಗಳು ದಾಖಲಾಗಿವೆ. 2007ರಲ್ಲಿ ಅಮೆರಿಕದ ಸಂಶೋಧಕರು ಸೆಕ್ಸ್4 ಕೆಟ್ಟ ಅರಬಿಡಾಪ್ಸಿಸ್ ಗಿಡಕ್ಕೆ ಮನುಷ್ಯರ ಲಾಫೋರಿನ್ ಜೀನನ್ನು ಹಾಕಿ ನೋಡಿದರು. ತುಂಬಿಕೊಂಡಿದ್ದ ಪಿಷ್ಟ ಇಳಿಯಿತು. ಮಿದುಳಿನ ಕಾಯಿಲೆಯ ಪ್ರೋಟೀನೊಂದು ಎಲೆಯ ಕೆಲಸವನ್ನು ಮಾಡಿಕೊಟ್ಟಿತ್ತು. ಎಲೆಯ ಪಿಷ್ಟ ಯಾಕೆ ಕರಗದು ಎಂಬ ಪ್ರಶ್ನೆಯಿಂದ ಯಾರಿಗೇನು ಲಾಭ ಎಂದು ಕೇಳುವವರಿಗೆ ಈ ಒಂದು ಪ್ರಯೋಗವನ್ನು ತೋರಿಸಬಹುದು.

ಮತ್ತೆ ಆಲೂಗಡ್ಡೆಗೆ. ಗೆಡ್ಡೆಯನ್ನು ಸುಮಾರು 8 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿಟ್ಟಾಗ ಪಿಷ್ಟ ಕರಗುವುದು ಹೆಚ್ಚಿ, ಸಕ್ಕರೆಯನ್ನು ಉಸಿರಾಟದಲ್ಲಿ ಉರಿಸುವುದು ತಗ್ಗುತ್ತದೆ. ಸುಕ್ರೋಸ್ ಕೂಡಿಕೊಳ್ಳುತ್ತದೆ. ಇನ್ವರ್ಟೇಸ್ ಎಂಬ ಕಿಣ್ವ ಅದನ್ನು ಗ್ಲೂಕೋಸ್, ಫ್ರಕ್ಟೋಸ್ ಎಂದು ಎರಡಾಗಿ ಒಡೆಯುತ್ತದೆ. ಚಿಪ್ಸಿನ ಬಣ್ಣ ಕೆಡಿಸುವುದು ಈ ಇಬ್ಬರೇ. ಎಣ್ಣೆಯ ಕಾವಿನಲ್ಲಿ ಇವು ಗೆಡ್ಡೆಯ ಅಮೈನೋ ಆಮ್ಲಗಳೊಂದಿಗೆ ಕೂಡಿ ಕಂದು ಬಣ್ಣದ ವಸ್ತುಗಳಾಗುತ್ತವೆ. ಆ ಅಮೈನೋ ಆಮ್ಲ ಆಸ್ಪರಜಿನ್ ಆಗಿದ್ದರೆ ಅಕ್ರಿಲಮೈಡ್ ಕೂಡ ಹುಟ್ಟುತ್ತದೆ. ಕ್ಯಾನ್ಸರ್ ತರಬಹುದಾದ ವಸ್ತುಗಳ ಸಾಲಿನಲ್ಲಿರುವ ಅಕ್ರಿಲಮೈಡ್ ಕರಿದ ತಿನಿಸಿನಲ್ಲಿದೆ ಎಂದು 2002ರಲ್ಲಿ ಸ್ವೀಡನ್ನಿನವರು ಬಹಿರಂಗಪಡಿಸಿದ ಮೇಲೆ ಚಿಪ್ಸಿನ ಬಣ್ಣ ರುಚಿಯ ಪ್ರಶ್ನೆಯಾಗಿ ಮಾತ್ರ ಉಳಿಯಲಿಲ್ಲ. ಕಾರ್ಖಾನೆಗಳು 100 ಗ್ರಾಂ ಗೆಡ್ಡೆಯಲ್ಲಿ ಈ ಸಕ್ಕರೆಗಳು 100ರಿಂದ 150 ಮಿಲಿಗ್ರಾಂ ಮೀರದಂತೆ ನೋಡಿಕೊಳ್ಳುತ್ತವೆ. ಚಿಪ್ಸಿಗೆಂದೇ ಬೆಳೆದ ಗೆಡ್ಡೆಯನ್ನು 10ರಿಂದ 12 ಡಿಗ್ರಿಯಲ್ಲಿ, ಮೊಳಕೆ ತಡೆಯುವ ಔಷಧಿ ಹೊಗೆಯಾಡಿಸಿ ಇಡುತ್ತಾರೆ. ಮನೆಯ ಫ್ರಿಜ್ಜಿನ ಒಳಗಿನ ತಂಪು ಸುಮಾರು 4 ಡಿಗ್ರಿ. ಚೆನ್ನೈನ ಸೆಕೆಗೆ ಹೆದರಿ ಆಲೂಗಡ್ಡೆಯನ್ನು ಅದರೊಳಗಿಟ್ಟರೆ ಆಗ್ರಾದ ಶೀತಲಗೃಹವನ್ನೇ ಮನೆಗೆ ತಂದಂತೆ. ಗಾಳಿಯಾಡುವ ಕತ್ತಲೆ ಮೂಲೆಯಲ್ಲಿ ಬುಟ್ಟಿಯಲ್ಲಿಟ್ಟು ಬೇಗ ಖರ್ಚು ಮಾಡುವುದೇ ಮೇಲು. ಸಿಹಿಯಾದ ಗೆಡ್ಡೆಯನ್ನು ಎರಡು ಮೂರು ವಾರ 15ರಿಂದ 20 ಡಿಗ್ರಿಯಲ್ಲಿಟ್ಟರೆ ಸಕ್ಕರೆ ಸ್ವಲ್ಪ ಮಟ್ಟಿಗೆ ಇಳಿಯುತ್ತದೆ, ಪೂರ್ತಿಯಲ್ಲ.

ಗಿಡಕ್ಕೆ ಈ ಸಿಹಿ ದೋಷವಲ್ಲ. ಚಳಿಯಲ್ಲಿ ಕೋಶದೊಳಗೆ ಕರಗಿದ ಸಕ್ಕರೆ ಹೆಚ್ಚಿದಷ್ಟೂ ಹೆಪ್ಪುಗಟ್ಟುವ ಅಪಾಯದಿಂದ ಪೊರೆಗಳಿಗೆ ರಕ್ಷಣೆ. ಜಿಡಬ್ಲ್ಯುಡಿ ಇಲ್ಲದ ಅರಬಿಡಾಪ್ಸಿಸ್ ಗಿಡಗಳು ತಂಪಿಗೆ ಒಗ್ಗಿಕೊಂಡು ಮಂಜುಗಡ್ಡೆಯ ಚಳಿಯನ್ನು ತಾಳುವುದರಲ್ಲಿ ಹಿಂದೆ ಬೀಳುತ್ತವೆ ಎಂದು 2005ರಲ್ಲಿ ಜಪಾನಿನ ಸಂಶೋಧಕರು ತೋರಿಸಿದ್ದಾರೆ. ಆಲೂಗಡ್ಡೆಯ ತವರಾದ ಆಂಡೀಸ್ ಪರ್ವತಗಳಲ್ಲಿ ಹಿಮ ಬೀಳುವ ರಾತ್ರಿಗಳು ಸಾಮಾನ್ಯ. ಅಲ್ಲಿನ ಕಾಡು ತಳಿಗಳ ಚಳಿ ತಾಳುವ ಗುಣವನ್ನು ಬೆಳೆಗೆ ತರುವ ಕೆಲಸದಲ್ಲಿ ಚೆನ್ನೈಗೆ ಸೇರಿದ ಒಂದು ದೊಡ್ಡ ಹೆಸರಿದೆ. ಎಂ.ಎಸ್. ಸ್ವಾಮಿನಾಥನ್ ಭತ್ತ ಗೋಧಿಗಳಿಗಿಂತ ಮೊದಲು ಆಲೂಗಡ್ಡೆಯ ವಿಜ್ಞಾನಿ. ನೆದರ್ಲೆಂಡ್ಸಿನ ವಾಗನಿಂಗನ್‌ನಲ್ಲಿ ಆಲೂಗಡ್ಡೆಯ ತಳಿಶಾಸ್ತ್ರ ಕಲಿತು, 1952ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದು, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಾಡು ಜಾತಿಯೊಂದಿಗೆ ಸಂಕರ ಮಾಡಿ ಹಿಮ ತಾಳುವ ಅಲಾಸ್ಕಾ ಫ್ರಾಸ್ಟ್‌ಲೆಸ್ ತಳಿಗೆ ಅವರು ದಾರಿ ಮಾಡಿದ್ದರು. 1988ರಲ್ಲಿ ಚೆನ್ನೈನಲ್ಲಿ ಅವರು ಕಟ್ಟಿದ ಸಂಶೋಧನಾ ಪ್ರತಿಷ್ಠಾನ ತರಮಣಿಯಲ್ಲಿದೆ. 2023ರ ಸೆಪ್ಟೆಂಬರ್ 28ರಂದು ಅವರು ಆ ನಗರದಲ್ಲೇ ತೀರಿಕೊಂಡರು. ಅವರು ಆ ಸಂಕರಗಳನ್ನು ಮಾಡುತ್ತಿದ್ದಾಗ ಆರ್1 ಎಂಬ ಹೆಸರು ಹುಟ್ಟಲು ಇನ್ನೂ ದಶಕಗಳು ಬಾಕಿಯಿದ್ದವು.

ಹಾಗೆ ನೋಡಿದರೆ ಈ ಕಿಣ್ವದ ವಿಷಯದಲ್ಲಿ ಮನುಷ್ಯನ ಬೇಡಿಕೆಗಳು ಒಂದಕ್ಕೊಂದು ವಿರುದ್ಧ. ಪಿಷ್ಟದ ಕಾರ್ಖಾನೆಗೆ ಫಾಸ್ಫೇಟ್ ಹೆಚ್ಚಿದ್ದಷ್ಟೂ ಲಾಭ. ಡೆನ್ಮಾರ್ಕಿನ ಸಂಶೋಧಕರು ಆಲೂಗಡ್ಡೆಯ ಜಿಡಬ್ಲ್ಯುಡಿ ಜೀನನ್ನು ಬಾರ್ಲಿಗೆ ಸೇರಿಸಿ, ಕಾಳಿನ ಪಿಷ್ಟದಲ್ಲಿ ಫಾಸ್ಫೇಟನ್ನು ಸುಮಾರು ಹತ್ತು ಪಟ್ಟು ಏರಿಸಿದ್ದಾರೆ. ಚಿಪ್ಸಿನವರಿಗೆ ಅದು ಕಡಿಮೆಯಾಗಬೇಕು. ಅಮೆರಿಕದ ಸಿಂಪ್ಲಾಟ್ ಕಂಪನಿಯ ಇನ್ನೇಟ್ ಆಲೂಗಡ್ಡೆಯಲ್ಲಿ ಅಡಗಿಸಿರುವ ಜೀನುಗಳಲ್ಲಿ ಆರ್1 ಕೂಡ ಒಂದು. ಸಕ್ಕರೆ ತಗ್ಗಿಸಲು ಅದು, ಆಸ್ಪರಜಿನ್ ತಗ್ಗಿಸಲು ಇನ್ನೊಂದು. ಅಲ್ಲಿನ ಕೃಷಿ ಇಲಾಖೆ 2014ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಎಲೆಯಲ್ಲಿ ಪಿಷ್ಟ ತುಂಬಿ ಗಿಡ ಸೊರಗದಂತೆ, ಗೆಡ್ಡೆಯಲ್ಲಷ್ಟೇ ಜೀನನ್ನು ಅಡಗಿಸುವುದು ಇಂಥ ಕೆಲಸದ ಮುಖ್ಯ ಜಾಣ್ಮೆ.

ಭಾರತದಲ್ಲಿ ಕುಲಾಂತರಿ ಆಲೂಗಡ್ಡೆಯ ಬೇಸಾಯಕ್ಕೆ ಅನುಮತಿಯಿಲ್ಲ. ಇಲ್ಲಿ ಹಿಡಿದದ್ದು ಹಳೆಯ ದಾರಿ: ಸಂಕರ, ಆಯ್ಕೆ, ಮತ್ತೆ ಸಂಕರ. ಶಿಮ್ಲಾದಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1998ರಲ್ಲಿ ಕುಫ್ರಿ ಚಿಪ್ಸೋನಾ 1 ಮತ್ತು 2 ಎಂಬ ತಳಿಗಳನ್ನು ಹೊರತಂದಿತು. ಚಿಪ್ಸಿಗೆಂದೇ ದೇಶದಲ್ಲಿ ರೂಪುಗೊಂಡ ಮೊದಲ ತಳಿಗಳು ಅವು. ಸಕ್ಕರೆ ಕಡಿಮೆ, ಒಣ ಅಂಶ ಹೆಚ್ಚು. ಆದರೆ ಅವು ಮುಖ್ಯವಾಗಿ ಉತ್ತರದ ಬಯಲಿನ ಚಳಿಗಾಲಕ್ಕೆ ಹೇಳಿದವು. ಹಾಸನದ ರೈತ ಮುಂಗಾರಿಗೆ ಬಿತ್ತುವುದು ಪಂಜಾಬಿನ ಜಲಂಧರದಿಂದ ತರಿಸಿದ ಬೀಜದ ಗೆಡ್ಡೆಯನ್ನು. ಹಾಸನದಲ್ಲಿ ಬಹುಕಾಲ ಮೇಲುಗೈ ಇದ್ದದ್ದು 1968ರ ತಳಿ ಕುಫ್ರಿ ಜ್ಯೋತಿಯದು. ಅಂಗಮಾರಿ ರೋಗವನ್ನು ದಾಟಿ ಕೈಗೆ ಬಂದರೆ ಸಾಕು ಎನ್ನುವ ರೈತನಿಗೆ ಸಕ್ಕರೆಯ ಮಿಲಿಗ್ರಾಂ ಲೆಕ್ಕ ಆಮೇಲಿನದು. ಅದೇ ಸಂಸ್ಥೆಯ ಇನ್ನೊಂದು ಕೇಂದ್ರ ಊಟಿಯ ಮುತ್ತೋರೈಯಲ್ಲಿ 1957ರಿಂದ ಕೆಲಸ ಮಾಡುತ್ತಿದೆ. ದಕ್ಷಿಣದ ಬೆಟ್ಟಗಳ ರೋಗ, ಹವೆಗಳಿಗೆ ಹೊಂದುವ ತಳಿಗಳನ್ನು ಆರಿಸುವುದು ಅದರ ಮುಖ್ಯ ಹೊಣೆ. ನೀಲಗಿರಿಯಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬೆಳೆ ಬರುವುದರಿಂದ ಅಲ್ಲಿನ ಗೆಡ್ಡೆ ಶೀತಲಗೃಹ ಹೊಗದೆ ಚೆನ್ನೈಗೆ ಇಳಿಯುತ್ತದೆ. ಊಟಿ ಗೆಡ್ಡೆಗೆ ಗ್ರಾಹಕರು ಕೊಡುವ ಹೆಚ್ಚಿನ ಬೆಲೆಯಲ್ಲಿ, ಅದರೊಳಗಿನ ಪಿಷ್ಟ ಇನ್ನೂ ಪಿಷ್ಟವಾಗಿಯೇ ಉಳಿದಿದೆ ಎಂಬುದಕ್ಕೂ ಒಂದು ಪಾಲು ಸಲ್ಲುತ್ತದೆ.

ಧಾನ್ಯಗಳ ಫಲಿತಾಂಶಗಳು ಒಂದೇ ದಿಕ್ಕಿನಲ್ಲಿಲ್ಲ. ಆಸ್ಟ್ರೇಲಿಯದ ಸಿಎಸ್‌ಐಆರ್‌ಒ ಸಂಶೋಧಕರು ಗೋಧಿ ಕಾಳಿನಲ್ಲಿ ಈ ಕಿಣ್ವವನ್ನು ತಗ್ಗಿಸಿದಾಗ ಗಿಡದ ಬೆಳವಣಿಗೆಯೂ ಇಳುವರಿಯೂ ಹೆಚ್ಚಿದ್ದನ್ನು 2012ರಲ್ಲಿ ವರದಿ ಮಾಡಿದರು. ಕಾರಣ ಸುಲಭವಾಗಿ ಹಿಡಿತಕ್ಕೆ ಸಿಗುವಂಥದ್ದಲ್ಲ. ಜಪಾನಿನಲ್ಲಿ ಭತ್ತದ ಜಿಡಬ್ಲ್ಯುಡಿ ಜೀನನ್ನು ಕೆಡಿಸಿದಾಗ ಎಲೆಗಳಲ್ಲಿ ಪಿಷ್ಟ ತುಂಬಿಕೊಂಡಿತು, ಗಿಡದ ಬೆಳವಣಿಗೆಗೆ ಮಾತ್ರ ಅರಬಿಡಾಪ್ಸಿಸ್‌ನಲ್ಲಿ ಕಂಡಷ್ಟು ಪೆಟ್ಟು ಬೀಳಲಿಲ್ಲ. ಭತ್ತದ ಎಲೆ ಹಗಲಿನ ದುಡಿಮೆಯ ಹೆಚ್ಚಿನ ಪಾಲನ್ನು ಪಿಷ್ಟವಾಗಿ ಅಲ್ಲ, ಸುಕ್ರೋಸಾಗಿ ಇಟ್ಟುಕೊಳ್ಳುತ್ತದೆ. ಪಿಷ್ಟದ ಮೇಲೆ ಅದರ ರಾತ್ರಿಯ ಅವಲಂಬನೆ ಕಡಿಮೆ, ಹಾಗಾಗಿ ಪಿಷ್ಟದ ಬಿಗಿ ಸಡಿಲಿಸುವ ಕಿಣ್ವದ ಮೇಲಿನದೂ ಕಡಿಮೆ.